ಕನ್ನಡದಿಂದ ನೇರ ಜರ್ಮನ್‌ಗೆ

ತುಮಕೂರಿನಲ್ಲಿ ನರ್ಸಿಂಗ್ ಓದುವ ಹೆಣ್ಣುಮಕ್ಕಳು, ಗುಬ್ಬಿಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಡಿಪ್ಲೊಮಾ ಹುಡುಗರು, ಕುಣಿಗಲ್ಲಿನಲ್ಲಿ ಐಟಿಐ ಮುಗಿಸಿದವರು ಜರ್ಮನ್ ಭಾಷೆಯ ಮಾತು ಬಂದಾಗ ಮೊದಲು ಕೇಳುವುದು ಇದನ್ನೇ: ‘ನಮಗೆ ಇಂಗ್ಲಿಷೇ ನೆಟ್ಟಗೆ ಬರಲ್ಲ, ಇನ್ನು ಜರ್ಮನ್ ಬರುತ್ತಾ?’ ಅದರ ಹಿಂದೆಯೇ ಇನ್ನೊಂದು: ‘ಆ ದೇಶಕ್ಕೆ ಹೋಗದೆ ಆ ಭಾಷೆ ನಾಲಿಗೆಗೆ ಹತ್ತುತ್ತಾ?’ ಎರಡಕ್ಕೂ ನನ್ನ ಉತ್ತರ ಹೌದು. ಇನ್ನೂ ಒಂದು ಮಾತು ಸೇರಿಸುತ್ತೇನೆ. ಜರ್ಮನ್ ವ್ಯಾಕರಣದ ಕೆಲವು ಕಷ್ಟದ ಜಾಗಗಳಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಚೆನ್ನಾಗಿ ಕೈ ಹಿಡಿಯುತ್ತದೆ. ಇಂಗ್ಲಿಷ್ ಸರಿಯಾದ ಮೇಲೆ ನೋಡೋಣ ಎಂದು ಕಾಯುತ್ತಿರುವವರು ಸುಮ್ಮನೆ ವರ್ಷಗಳನ್ನು ಕಳೆದುಕೊಳ್ಳುತ್ತಿದ್ದಾರೆ.

ಈ ಪ್ರಶ್ನೆ ಈಗ ಇಷ್ಟು ಕೇಳಿಬರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಜರ್ಮನಿಯಲ್ಲಿ ವಯಸ್ಸಾದವರು ಹೆಚ್ಚುತ್ತಿದ್ದಾರೆ, ಅವರನ್ನು ನೋಡಿಕೊಳ್ಳುವ, ಯಂತ್ರದ ಮುಂದೆ ನಿಲ್ಲುವ ಜನ ಸಾಲುತ್ತಿಲ್ಲ. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಆ ದೇಶ 2024ರ ಅಕ್ಟೋಬರಿನಲ್ಲಿ ಹೇಳಿತು. 2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 49,000ಕ್ಕೂ ಹೆಚ್ಚು. ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ನಮ್ಮವರದೇ.

ಭಾಷೆ ಎಷ್ಟು ಬಂದಿದೆ ಎಂದು ಅಳೆಯಲು ಯುರೋಪಿನವರು ಆರು ಮೆಟ್ಟಿಲು ಇಟ್ಟುಕೊಂಡಿದ್ದಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ಹೆಸರು, ಊರು, ಮನೆಮಂದಿಯ ವಿಷಯ ಹೇಳಿ ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು ಬಂದರೆ ಎ1. ದಿನದ ಬದುಕನ್ನು ಯಾರ ಸಹಾಯವಿಲ್ಲದೆ ನಡೆಸಬಲ್ಲವರದು ಬಿ1. ಕೆಲಸದ ಜಾಗದಲ್ಲಿ ವಾದ ಮಾಡಿ, ವರದಿ ಬರೆಯಬಲ್ಲವರದು ಬಿ2. ನರ್ಸ್ ಆಗಿ ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ಕೆಲಸ ಮಾಡುತ್ತಲೇ ಕಲಿಯುವ ‘ಔಸ್‌ಬಿಲ್ಡುಂಗ್’ ತರಬೇತಿಗೆ ಬಿ1ರಿಂದ ಮೇಲೆ ಕೇಳುತ್ತಾರೆ. ಗಂಡನನ್ನೋ ಹೆಂಡತಿಯನ್ನೋ ಸೇರಲು ಹೋಗುವವರಿಗೆ ಸಾಮಾನ್ಯವಾಗಿ ಎ1 ಬೇಕು, ಹೆಚ್ಚು ಓದಿದವರಿಗೆ ಕೊಡುವ ‘ಬ್ಲೂ ಕಾರ್ಡ್’ ಎಂಬ ಕೆಲಸದ ಪರವಾನಗಿ ಇರುವವರ ಸಂಗಾತಿಗೆ ವಿನಾಯಿತಿ ಇದೆ. ಮೊದಲು ತಮಗೆ ಯಾವ ಮೆಟ್ಟಿಲು ಬೇಕು ಎಂದು ಗೊತ್ತು ಮಾಡಿಕೊಂಡವರಿಗೆ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

‘ಅಲ್ಲೇ ಇದ್ದರೆ ತಾನಾಗಿ ಬರುತ್ತೆ’ ಎಂಬ ನಂಬಿಕೆಯನ್ನು ಮೊದಲು ಪಕ್ಕಕ್ಕೆ ಇಡಬೇಕು. ಇಂಗ್ಲಿಷ್ ಮಾಧ್ಯಮದ ಎಂ.ಎಸ್. ಓದಲು ಹೋಗಿ, ನಮ್ಮವರ ಜೊತೆಯಲ್ಲೇ ಕೋಣೆ ಹಿಡಿದು, ಪ್ರಯೋಗಾಲಯದಲ್ಲಿ ಇಂಗ್ಲಿಷ್ ಮಾತಾಡಿ, ಎರಡು ವರ್ಷದ ಮೇಲೂ ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟರಲ್ಲೇ ನಿಂತವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಹುಡುಕುವ ಹೊತ್ತಿಗೆ ಅವರಿಗೆ ಭಾಷೆಯ ಕೊರತೆ ನೋಯಿಸುತ್ತದೆ. ದೇಶ ಕಿವಿಯ ಮೇಲೆ ಭಾಷೆಯನ್ನು ಸುರಿಯುತ್ತದೆ, ನಿಜ. ಆದರೆ ಸುರಿದದ್ದು ಒಳಗೆ ಇಳಿಯಬೇಕಾದರೆ ಒಂದಿಷ್ಟು ವ್ಯಾಕರಣ, ಒಂದಿಷ್ಟು ಪದ ಆಗಲೇ ತಲೆಯಲ್ಲಿರಬೇಕು. ಬಿ1 ಮುಗಿಸಿ ವಿಮಾನ ಹತ್ತಿದವರು ಅಲ್ಲಿ ಆರು ತಿಂಗಳಲ್ಲಿ ಬೆಳೆಯುವಷ್ಟು, ಏನೂ ಇಲ್ಲದೆ ಹೋದವರು ಎರಡು ವರ್ಷದಲ್ಲಿ ಬೆಳೆಯುವುದಿಲ್ಲ ಎಂಬುದು ನನ್ನ ನಂಬಿಕೆ.

ಕನ್ನಡ ಮತ್ತು ಜರ್ಮನ್ ಎಂದ ಕೂಡಲೇ ಜರ್ಮನ್ ಪಾದ್ರಿಗಳಾದ ಕಿಟ್ಟೆಲ್, ಮೋಗ್ಲಿಂಗ್ ನೆನಪಾಗುತ್ತಾರೆ. ಇಲ್ಲಿ ಅವರ ಉದಾಹರಣೆ ಹೊಂದುವುದಿಲ್ಲ, ಏಕೆಂದರೆ ಅವರು ನಮ್ಮ ನಡುವೆ ವರ್ಷಗಟ್ಟಲೆ ಇದ್ದು ಕನ್ನಡ ಕಲಿತವರು. ನಮಗೆ ಬೇಕಾದವರು ಮ್ಯಾಕ್ಸ್ ಮುಲ್ಲರ್. 1823ರಲ್ಲಿ ಡೆಸ್ಸೌ ಪಟ್ಟಣದಲ್ಲಿ ಹುಟ್ಟಿದ ಅವರು ಲೈಪ್‌ಜಿಗ್, ಬರ್ಲಿನ್, ಪ್ಯಾರಿಸ್‌ಗಳಲ್ಲಿ ಗುರುಗಳನ್ನು ಹುಡುಕಿಕೊಂಡು ಹೋಗಿ ಸಂಸ್ಕೃತ ಕಲಿತರು. ವಿಜಯನಗರದ ಬುಕ್ಕರಾಯನ ಕಾಲದ ಸಾಯಣಾಚಾರ್ಯರ ಭಾಷ್ಯದೊಂದಿಗೆ ಋಗ್ವೇದವನ್ನು 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಅಚ್ಚಿಗೆ ತಂದರು. 1900ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಳ್ಳುವವರೆಗೂ ಅವರು ಭಾರತದ ನೆಲ ಮೆಟ್ಟಲಿಲ್ಲ. ಭಾರತದಲ್ಲಿ ಜರ್ಮನ್ ಕಲಿಸುವ ಗೋಯೆಥೆ ಸಂಸ್ಥೆ ‘ಮ್ಯಾಕ್ಸ್ ಮುಲ್ಲರ್ ಭವನ’ ಎಂದು ಅವರ ಹೆಸರನ್ನೇ ಇಟ್ಟುಕೊಂಡಿದೆ.

ಇತ್ತ ನಮ್ಮ ಕಡೆ ಕವಿ, ಸಂಶೋಧಕ ಮಂಜೇಶ್ವರ ಗೋವಿಂದ ಪೈಗಳು. 1883ರಲ್ಲಿ ಹುಟ್ಟಿದ ಅವರು ತಂದೆ ತೀರಿಕೊಂಡಾಗ ಮದರಾಸಿನ ಬಿ.ಎ. ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದರು. ಈಗ ಕಾಸರಗೋಡು ಜಿಲ್ಲೆಗೆ ಸೇರಿದ ಆ ಊರಿನ ಮನೆಯಲ್ಲಿ ಪುಸ್ತಕಗಳ ನಡುವೆ ಕೂತು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಅಭ್ಯಾಸ ಮಾಡಿದರು. ಗ್ರೀಕ್, ಲ್ಯಾಟಿನ್, ಫ್ರೆಂಚ್ ಜೊತೆಗೆ ಜರ್ಮನ್ ಕೂಡ ಅದರಲ್ಲಿತ್ತು. ಇತಿಹಾಸ ಸಂಶೋಧಕರಿಗೆ ಆ ಕಾಲದಲ್ಲಿ ಜರ್ಮನ್ ಬೇಕೇ ಬೇಕಿತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂಬ ವಾದವನ್ನು 1904ರಲ್ಲಿ ಮುಂದಿಟ್ಟವರು ಶಾಸನತಜ್ಞ ಹುಲ್ಟ್ಜ್. ಅದು ಅಚ್ಚಾದದ್ದು ಒಂದು ಜರ್ಮನ್ ವಿದ್ವತ್‌ಪತ್ರಿಕೆಯಲ್ಲಿ. ಅದೇ ಪ್ರಹಸನದ ಬಗ್ಗೆ ಪೈಗಳೂ ಬರೆದರು. ನಮ್ಮ ನುಡಿಯ ಹಳೆಯ ಚರಿತ್ರೆಯ ಒಂದು ಎಳೆ ಜರ್ಮನ್ ಪುಟಗಳಲ್ಲಿ ಇತ್ತು, ಅದನ್ನು ಹಿಡಿಯಬಲ್ಲ ಒಬ್ಬ ಕನ್ನಡಿಗ ಕಡಲತೀರದ ಪುಟ್ಟ ಊರಿನಲ್ಲಿದ್ದರು.

ಇವರಿಬ್ಬರೂ ಸಾಧಿಸಿದ್ದು ಮುಖ್ಯವಾಗಿ ಓದಿನ ಭಾಷೆ. ಓದನ್ನು ಒಬ್ಬರೇ ಮನೆಯಲ್ಲಿ ಕೂತು ಗಳಿಸಬಹುದು. ವಾರ್ಡಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತೊದಲುತ್ತಾ ‘ತಲೆ ಸುತ್ತುತ್ತಿದೆ’ ಎಂದರೆ ತಕ್ಷಣ ತಿಳಿಯಬೇಕಾದ ನರ್ಸಿಗೆ ಅಷ್ಟು ಸಾಲದು. ಅವಳಿಗೆ ಕಿವಿ ಬೇಕು, ನಾಲಿಗೆ ಬೇಕು, ಎದುರಿಗೊಂದು ಜೀವ ಬೇಕು. ಅದರ ದಾರಿಯನ್ನು ಮುಂದೆ ಹೇಳುತ್ತೇನೆ. ಆ ಅಜ್ಜಿಯ ಮಾತಿನಿಂದಲೇ ವ್ಯಾಕರಣ ಶುರುಮಾಡೋಣ.

ಜರ್ಮನ್‌ನಲ್ಲಿ ಆಕೆ ಹೇಳುವುದು ‘ಮೀರ್ ಇಸ್ಟ್ ಶ್ವಿಂಡೆಲಿಷ್’ ಎಂದು. ‘ಮೀರ್’ ಎಂದರೆ ‘ನನಗೆ’. ಇಂಗ್ಲಿಷಿನಿಂದ ಬಂದವರು ಇಲ್ಲಿ ‘ನಾನು’ ಎಂಬುದನ್ನು ಹುಡುಕಿ ತಡವರಿಸುತ್ತಾರೆ. ನಮಗೆ ಹುಡುಕಾಟವೇ ಇಲ್ಲ. ನನಗೆ ಚಳಿ, ನನಗೆ ಬೇಜಾರು, ನನಗೆ ವಾಕರಿಕೆ, ನನಗೆ ಇಷ್ಟ ಎಂದು ನಾವು ಹುಟ್ಟಿದಾಗಿನಿಂದ ಹೇಳುತ್ತಿದ್ದೇವೆ. ಚಳಿಯಾದರೆ ‘ಮೀರ್ ಇಸ್ಟ್ ಕಲ್ಟ್’, ಬೇಜಾರಾದರೆ ‘ಮೀರ್ ಇಸ್ಟ್ ಲಾಂಗ್‌ವೈಲಿಷ್’, ಇಷ್ಟವಾದರೆ ‘ಡಾಸ್ ಗೆಫೆಲ್ಟ್ ಮೀರ್’. ಇಂಗ್ಲಿಷಿನ ಅಚ್ಚಿನಲ್ಲಿ ‘ಇಷ್ ಬಿನ್ ಕಲ್ಟ್’ ಎಂದರೆ ನಾನು ಕರುಣೆಯಿಲ್ಲದ ತಣ್ಣನೆಯ ಮನುಷ್ಯ ಎಂದಾಗುತ್ತದೆ. ಚತುರ್ಥೀ ವಿಭಕ್ತಿ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಪ್ರತಿ ದಿನದ ಉಪಯೋಗಕ್ಕೆ ಬರುತ್ತದೆ.

ಎರಡನೆಯದು, ಎಲ್ಲಿ ಮತ್ತು ಎಲ್ಲಿಗೆ. ಇಂಗ್ಲಿಷಿನ ಪ್ರಶ್ನೆಯಲ್ಲಿ ಎರಡಕ್ಕೂ ಈಗ ಒಂದೇ ಪದ. ಜರ್ಮನ್‌ನಲ್ಲಿ ಎಲ್ಲಿ ಎಂದರೆ ‘ವೋ’, ಎಲ್ಲಿಗೆ ಎಂದರೆ ‘ವೋಹಿನ್’, ಎಲ್ಲಿಂದ ಎಂದರೆ ‘ವೋಹೇರ್’. ಮೂರೂ ನಮ್ಮವೇ. ಜರ್ಮನ್ ಕಲಿಯುವವರು ಅತಿ ಹೆಚ್ಚು ಎಡವುವ ಜಾಗವೂ ಇದಕ್ಕೆ ಅಂಟಿಕೊಂಡಿದೆ. ‘ಶಾಲೆಯಲ್ಲಿ’ ಎನ್ನಲು ‘ಇನ್ ಡೇರ್ ಶೂಲೆ’, ‘ಶಾಲೆಗೆ’ ಎನ್ನಲು ‘ಇನ್ ಡೀ ಶೂಲೆ’. ‘ಇನ್’ ಬದಲಾಗಲಿಲ್ಲ, ನಡುವಿನ ಆರ್ಟಿಕಲ್ ಬದಲಾಯಿತು. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪಠ್ಯಪುಸ್ತಕಗಳು ಬಾಣದ ಗುರುತು, ಚಿತ್ರ, ಕೋಷ್ಟಕ ಎಲ್ಲವನ್ನೂ ಬಳಸುತ್ತವೆ. ಕನ್ನಡದ ಮಗುವಿಗೆ ಹೇಳಬೇಕಾದದ್ದು ಇಷ್ಟೇ: ‘ಅಲ್ಲಿ’ ಬಂದರೆ ಒಂದು ರೂಪ, ‘ಗೆ’ ಬಂದರೆ ಇನ್ನೊಂದು ರೂಪ. ಇನ್, ಔಫ್, ಉಂಟರ್ ಮೊದಲಾದ ಒಂಬತ್ತು ಪದಗಳಿಗೆ ಈ ಕಟ್ಟು ಅನ್ವಯಿಸುತ್ತದೆ. ಪುಸ್ತಕ ಮೇಜಿನ ಮೇಲೆ ಇದೆ ಎನ್ನುವಾಗ ‘ಎಲ್ಲಿ’, ಮೇಜಿನ ಮೇಲಕ್ಕೆ ಇಡು ಎನ್ನುವಾಗ ‘ಎಲ್ಲಿಗೆ’.

ಇನ್ನು ವಾಕ್ಯದ ಜೋಡಣೆ. ‘ನಾನು ನಾಳೆ ರೈಲಿನಲ್ಲಿ ಗುಬ್ಬಿಗೆ ಹೋಗಬೇಕು’ ಎಂಬುದನ್ನು ಜರ್ಮನ್‌ನಲ್ಲಿ ‘ಇಷ್ ಮುಸ್ ಮೊರ್ಗೆನ್ ಮಿಟ್ ಡೇಮ್ ತ್ಸೂಕ್ ನಾಖ್ ಗುಬ್ಬಿ ಫಾರೆನ್’ ಎನ್ನುತ್ತಾರೆ. ನಾಳೆ, ರೈಲಿನಲ್ಲಿ, ಗುಬ್ಬಿಗೆ, ಹೋಗು: ಕಾಲ ಮೊದಲು, ಹೇಗೆ ಎಂಬುದು ಆಮೇಲೆ, ಜಾಗ ಅದರ ಹಿಂದೆ, ಕ್ರಿಯೆ ಕೊನೆಗೆ. ‘ಮುಸ್’ ಎಂಬ ‘ಬೇಕು’ ಮಾತ್ರ ಎರಡನೆಯ ಜಾಗಕ್ಕೆ ಎದ್ದು ಬಂದಿದೆ, ಉಳಿದ ಸಾಲು ಕನ್ನಡದ ಕ್ರಮದಲ್ಲೇ ಇದೆ. ಇಂಗ್ಲಿಷಿನಲ್ಲಿ ಈ ಸಾಲು ಬಹುಮಟ್ಟಿಗೆ ತಲೆಕೆಳಗು. ಉಪವಾಕ್ಯಕ್ಕೆ ಬಂದರಂತೂ ಕ್ರಿಯಾಪದ ಪೂರ್ತಿ ಕೊನೆಗೆ ಹೋಗಿ ಕೂರುತ್ತದೆ. ‘ವೈಲ್ ಇಷ್ ಕೈನೆ ತ್ಸೈಟ್ ಹಾಬೆ’, ಅಂದರೆ ಏಕೆಂದರೆ ನನಗೆ ಸಮಯವಿಲ್ಲ. ಕೊನೆಯವರೆಗೂ ಕಾದು ಕ್ರಿಯಾಪದ ಹಿಡಿಯುವ ತಾಳ್ಮೆ ನಮ್ಮ ಕಿವಿಗೆ ಆಗಲೇ ಇದೆ.

ಬಿ2 ಮಟ್ಟದಲ್ಲಿ ಪತ್ರಿಕೆ, ವೈದ್ಯಕೀಯ ವರದಿ ಓದುವಾಗ ಇನ್ನೊಂದು ಕಟ್ಟು ಎದುರಾಗುತ್ತದೆ. ‘ಡೇರ್ ಗೆಸ್ಟರ್ನ್ ಇನ್ಸ್ ಕ್ರಾಂಕೆನ್‌ಹೌಸ್ ಐನ್‌ಗೆಲೀಫರ್ಟೆ ಪಾತ್ಸಿಯೆಂಟ್’. ಇಂಗ್ಲಿಷಿನಿಂದ ಬಂದವರು ಇದನ್ನು ಬಿಡಿಸಿ ಬಿಡಿಸಿ ಓದುತ್ತಾರೆ. ನಾವು ಪದದ ಕೆಳಗೆ ಪದ ಬರೆಯುತ್ತಾ ಹೋದರೆ ಸಾಕು: ನಿನ್ನೆ ಆಸ್ಪತ್ರೆಗೆ ಸೇರಿಸಿದ ರೋಗಿ. ನಮ್ಮ ಕೃದಂತದ ವಾಕ್ಯ ಅಲ್ಲಿ ಹಾಗೆಯೇ ಕೂತಿದೆ. ಎರಡೂ ಭಾಷೆಗಳು ಬೇರೆ ಬೇರೆ ಕುಲದವು, ಈ ಹೋಲಿಕೆಗೆ ನಂಟಿನ ಕಾರಣವಿಲ್ಲ. ಆದರೆ ಕಲಿಯುವವರಿಗೆ ಕಾರಣ ಮುಖ್ಯವಲ್ಲ, ಅನುಕೂಲ ಮುಖ್ಯ. ‘ನೀನು’ ಮತ್ತು ‘ನೀವು’ಗಳಿಗೆ ‘ಡು’ ಮತ್ತು ‘ಜೀ’ ಇರುವುದನ್ನೂ ಈ ಲೆಕ್ಕಕ್ಕೆ ಸೇರಿಸಬಹುದು. ಒಂದು ಎಚ್ಚರ ಮಾತ್ರ ಬೇಕು. ಜರ್ಮನ್ ಮನೆಯಲ್ಲಿ ಅಜ್ಜನಿಗೂ ‘ಡು’, ವಾರ್ಡಿನಲ್ಲಿ ಮಲಗಿದ ಅಪರಿಚಿತ ಹಿರಿಯರಿಗೆ ‘ಜೀ’.

ಕನ್ನಡ ಕೈ ಬಿಡುವ ಜಾಗಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಲಿಂಗ. ನಮ್ಮಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ: ಗಂಡಸು, ಹೆಂಗಸು, ಉಳಿದದ್ದು ನಪುಂಸಕ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಹುಡುಗಿ ಎಂಬ ‘ಮೇಡ್ಷೆನ್’ ಕೂಡ ನಪುಂಸಕ. ಇದನ್ನು ಕೇಳಿ ನಗುವವರು ನಮ್ಮ ಹಳ್ಳಿಗಳ ‘ಆ ಹುಡ್ಗಿ ಬಂತು, ಹೋಯ್ತು’ ಎಂಬ ಮಾತನ್ನು ನೆನೆಸಿಕೊಳ್ಳಲಿ. ಇಲ್ಲಿ ತರ್ಕ ಹುಡುಕಿದರೆ ದಾರಿ ತಪ್ಪುತ್ತದೆ. ಪದವನ್ನು ಅದರ ಡೇರ್, ಡೀ, ಡಾಸ್ ಜೊತೆಯಲ್ಲೇ ಬಾಯಿಪಾಠ ಮಾಡಬೇಕು, ಒಂಟಿಯಾಗಿ ಒಂದು ಪದವನ್ನೂ ಬರೆದುಕೊಳ್ಳಬಾರದು. ಸ್ವಲ್ಪ ಸಹಾಯ ಪ್ರತ್ಯಯಗಳಿಂದ ಸಿಗುತ್ತದೆ. ಉಂಗ್, ಹೈಟ್, ಕೈಟ್, ಶಾಫ್ಟ್ ಎಂದು ಮುಗಿಯುವವು ಸ್ತ್ರೀಲಿಂಗ, ‘ಷೆನ್’ ಎಂದು ಮುಗಿಯುವ ಪುಟ್ಟ ರೂಪಗಳು ನಪುಂಸಕ. ಆರ್ಟಿಕಲ್ ಎಂಬುದೇ ಕನ್ನಡದಲ್ಲಿ ಇಲ್ಲದ ಕಾರಣ ಅದನ್ನು ನುಂಗಿಬಿಡುವ ಚಾಳಿ ನಮಗಿದೆ. ಅದು ಬಿಡಲು ತಿಂಗಳುಗಳು ಬೇಕು.

ಉಚ್ಚಾರಣೆಯಲ್ಲಿ ಲಾಭ ನಷ್ಟ ಎರಡೂ. ಹ್ರಸ್ವ ಎ, ದೀರ್ಘ ಏ, ಹ್ರಸ್ವ ಒ, ದೀರ್ಘ ಓ ನಮ್ಮ ಅಕ್ಷರಮಾಲೆಯಲ್ಲೇ ಇವೆ. ‘ಒಫೆನ್’ ಎಂದರೆ ತೆರೆದ, ‘ಓಫೆನ್’ ಎಂದರೆ ಒಲೆ. ‘ಬೆಟ್’ ಎಂದರೆ ಹಾಸಿಗೆ, ‘ಬೇಟ್’ ಎಂದರೆ ತೋಟದ ಪಾತಿ. ಹಿಂದಿಯವರು ಒದ್ದಾಡುವ ಈ ವ್ಯತ್ಯಾಸ ನಮಗೆ ಸುಲಭ. ಆದರೆ ನಾವು ‘ಎ’ ಎನ್ನುವಾಗ ‘ಯೆ’ ಎನ್ನುತ್ತೇವೆ, ‘ಒ’ ಎನ್ನುವಾಗ ‘ವೊ’ ಎನ್ನುತ್ತೇವೆ. ಪದದ ಕೊನೆಗೆ ‘ಉ’ ಸೇರಿಸಿ ಬಸ್ಸು, ಕಾರು ಎಂದಂತೆ ‘ಗೂಟ್’ ಎಂಬುದನ್ನು ‘ಗೂಟು’ ಮಾಡುತ್ತೇವೆ. ಹಳೆ ಮೈಸೂರು ಕಡೆ ‘ಹಾಲು’ ‘ಆಲು’ ಆಗುವ ರೂಢಿಯಿದೆ, ಜರ್ಮನ್‌ನಲ್ಲಿ ‘ಹೌಸ್’ ಎಂದರೆ ಮನೆ, ‘ಔಸ್’ ಎಂದರೆ ಹೊರಗೆ. ನಮ್ಮ ಲಿಪಿಯಲ್ಲಿ ಇಲ್ಲದ ಎರಡು ಸ್ವರಗಳನ್ನು ಬಾಯಿಯಿಂದಲೇ ಕಲಿಯಬೇಕು. ‘ಈ’ ಎನ್ನುತ್ತಲೇ ತುಟಿಯನ್ನು ‘ಊ’ ಎನ್ನುವಂತೆ ದುಂಡಗೆ ಮಾಡಿದರೆ ಒಂದು, ‘ಏ’ ಎನ್ನುತ್ತಲೇ ತುಟಿಯನ್ನು ‘ಓ’ಗೆ ತಂದರೆ ಇನ್ನೊಂದು. ಕನ್ನಡಿಯ ಮುಂದೆ ನಿಂತು ಮಾಡಬೇಕಾದ ಕೆಲಸ ಇದು. ಮೊದಲ ವಾರಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ತಪ್ಪಲ್ಲ, ಆದರೆ ಎ1 ಅರ್ಧ ಮುಗಿಯುವ ಹೊತ್ತಿಗೆ ಅದನ್ನು ಬಿಡಲೇಬೇಕು. ಈ ಎರಡು ಸ್ವರಗಳು ನಮ್ಮ ಲಿಪಿಗೆ ಬಂದರೆ ಕಳೆದುಹೋಗುತ್ತವೆ.

ಈಗ ಹೊತ್ತಿನ ಲೆಕ್ಕ. ಬಿ1 ತಲುಪಲು 45 ನಿಮಿಷದ 350ರಿಂದ 650 ಪಾಠಗಳು ಬೇಕು, ಬಿ2ಗೆ ಮೊದಲಿನಿಂದ ಒಟ್ಟು 600ರಿಂದ 800 ಪಾಠಗಳು ಬೇಕು ಎಂದು ಗೋಯೆಥೆ ಸಂಸ್ಥೆ ಹೇಳುತ್ತದೆ. ಗಂಟೆಗೆ ತಿರುಗಿಸಿದರೆ ಬಿ2ಗೆ 450ರಿಂದ 600 ಗಂಟೆ. ದಿನಕ್ಕೆ ಒಂದೂವರೆ ಗಂಟೆ ತಪ್ಪದೆ ಕೂತರೆ ಹತ್ತರಿಂದ ಹದಿಮೂರು ತಿಂಗಳು. ಈ ಲೆಕ್ಕ ಕೈಯಲ್ಲಿದ್ದರೆ ‘ಮೂರು ತಿಂಗಳಲ್ಲಿ ಬಿ2 ಗ್ಯಾರಂಟಿ’ ಎಂಬ ಫಲಕದ ಮುಂದೆ ನಿಂತು ಭಾಗಾಕಾರ ಮಾಡಬಹುದು: ತೊಂಬತ್ತು ದಿನ, ದಿನಕ್ಕೆ ಐದರಿಂದ ಸುಮಾರು ಆರೂಮುಕ್ಕಾಲು ಗಂಟೆ, ಒಂದು ಭಾನುವಾರವೂ ಬಿಡುವಿಲ್ಲ. ಬೇರೆ ಕೆಲಸವಿಲ್ಲದವರಿಗೆ ಅದು ಹೇಗೋ ಆದೀತು. ಹಗಲು ಡ್ಯೂಟಿ, ರಾತ್ರಿ ಡ್ಯೂಟಿ ಮಾಡುವ ಹುಡುಗಿಗೆ ಹೀಗೆ ಹೇಳಿ ಹಣ ಕಟ್ಟಿಸಿಕೊಳ್ಳುವುದು ಅನ್ಯಾಯ. ಮೂಲ ಅಂಕಪಟ್ಟಿಗಳನ್ನೋ ಪಾಸ್‌ಪೋರ್ಟನ್ನೋ ತಮ್ಮ ಬಳಿ ಇಟ್ಟುಕೊಳ್ಳುತ್ತೇವೆ ಎನ್ನುವ ಏಜೆಂಟರ ಕಚೇರಿಯಿಂದ ಕೂಡಲೇ ಎದ್ದು ಬರಬೇಕು. ಯಾವ ಕೆಲಸಕ್ಕೆ ಯಾವ ಮಾನ್ಯತೆ ಬೇಕು ಎಂಬುದನ್ನು ಜರ್ಮನ್ ಸರ್ಕಾರದ್ದೇ ಆದ ‘ಮೇಕ್ ಇಟ್ ಇನ್ ಜರ್ಮನಿ’ ಜಾಲತಾಣದಲ್ಲಿ ಯಾರಿಗೂ ದುಡ್ಡು ಕೊಡದೆ ನೋಡಬಹುದು.

ಕಿವಿಗೆ ಬೇಕಾದ ಜರ್ಮನ್ ಇಂದು ಫೋನಿನಲ್ಲಿ ಹೇರಳವಾಗಿದೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆ ‘ನೀಕೋಸ್ ವೇಕ್’ ಎಂಬ ಪಾಠಮಾಲೆಯನ್ನು ಉಚಿತವಾಗಿ ಕೊಟ್ಟಿದೆ. ಜರ್ಮನಿಗೆ ಬಂದಿಳಿದು ಬ್ಯಾಗ್ ಕಳೆದುಕೊಂಡ ಸ್ಪೇನಿನ ಯುವಕನ ಕತೆ ಅದು, ಎ1ರಿಂದ ಬಿ1ರವರೆಗೆ ಕರೆದೊಯ್ಯುತ್ತದೆ. ಅದೇ ಸಂಸ್ಥೆ ಸುದ್ದಿಯನ್ನು ನಿಧಾನವಾಗಿ, ಬಿಡಿಸಿ ಓದಿದ ಧ್ವನಿಯನ್ನೂ ಅದರ ಪಠ್ಯವನ್ನೂ ಭಾನುವಾರ ಬಿಟ್ಟು ದಿನವೂ ಹಾಕುತ್ತದೆ. ಎ2 ದಾಟಿದವರಿಗೆ ಇದಕ್ಕಿಂತ ಒಳ್ಳೆಯ ಕಿವಿಪಾಠ ನನಗೆ ತಿಳಿದಿಲ್ಲ. ಮೊದಲ ಸಲ ಪಠ್ಯ ನೋಡದೆ ಕೇಳಬೇಕು, ಎರಡನೆಯ ಸಲ ನೋಡುತ್ತಾ ಕೇಳಬೇಕು, ಮೂರನೆಯ ಸಲ ಓದುವವರ ಬೆನ್ನಿಗೇ ಗಟ್ಟಿಯಾಗಿ ಹೇಳಬೇಕು. ತುಮಕೂರಿನಿಂದ ಯಶವಂತಪುರದವರೆಗಿನ ರೈಲಿನಲ್ಲಿ ಮೊದಲ ಎರಡು ಮುಗಿಯುತ್ತವೆ. ಮೂರನೆಯದು ಮನೆಯಲ್ಲಿ. ಜರ್ಮನಿಯ ಜನಶಿಕ್ಷಣ ಸಂಸ್ಥೆಗಳ ಒಕ್ಕೂಟ ನಡೆಸುವ ‘ಫೌ ಹಾ ಎಸ್ ಲೆರ್ನ್‌ಪೋರ್ಟಾಲ್’ ಕೂಡ ಉಚಿತ. ಬರೆದದ್ದನ್ನು ಅದು ತಿದ್ದಿಕೊಡುತ್ತದೆ.

ಆ ‘ಗಟ್ಟಿಯಾಗಿ’ ಎಂಬುದನ್ನು ನಮ್ಮ ಹುಡುಗರು ಬಿಟ್ಟುಬಿಡುತ್ತಾರೆ. ನಾಚಿಕೆ. ಪಕ್ಕದ ಮನೆಯವರು ಏನಂದುಕೊಂಡಾರು ಎಂಬ ಸಂಕೋಚ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿಯಲ್ಲಿ ಈ ಸಂಕೋಚ ಇರಬಾರದು. ಆ ಕಂಪನಿಯಲ್ಲಿ ಹುಡುಗರು ಮಾತನ್ನು ಪುಸ್ತಕದಿಂದ ಕಲಿತದ್ದು ಕಡಿಮೆ, ತಾಲೀಮಿನಲ್ಲಿ ಕಲಿತದ್ದು ಹೆಚ್ಚು. ಮೇಷ್ಟ್ರು ಹೇಳಿಕೊಟ್ಟದ್ದನ್ನು ಏರಿಳಿತ, ನಿಲುಗಡೆ, ಉಸಿರಿನ ಸಮೇತ ಮತ್ತೆ ಮತ್ತೆ ಒಪ್ಪಿಸಬೇಕಿತ್ತು. ಶಾಲೆಯ ಓದು ಬಹಳ ಬೇಗ ನಿಂತುಹೋದ ಡಾ. ರಾಜಕುಮಾರ್ ಬಾಲ್ಯದಲ್ಲಿ ಆ ಕಂಪನಿಯಲ್ಲಿ ಪಳಗಿದವರು. ಅವರ ಕನ್ನಡದ ಉಚ್ಚಾರಣೆ ಎಂಥದ್ದೆಂದು ಯಾರಿಗೂ ಹೇಳಬೇಕಾಗಿಲ್ಲ. ಅದೇ ಕಂಪನಿಗೆ ಹುಡುಗನಾಗಿ ಬಂದ ಬಿ.ವಿ. ಕಾರಂತರನ್ನು ಅದರ ಒಡೆಯ ಗುಬ್ಬಿ ವೀರಣ್ಣನವರು ಹಿಂದಿ ಎಂ.ಎ. ಓದಲು ಕಾಶಿಗೆ ಕಳಿಸಿದರು. ನಾಟಕದ ಹುಡುಗನಿಗೆ ಇನ್ನೊಂದು ಭಾಷೆ ಬೇಕು ಎಂದು ಕಂಡ ಆ ಮನಸ್ಸು ದೊಡ್ಡದು. ತಾಲೀಮಿನ ಕ್ರಮವನ್ನು ಜರ್ಮನ್ ಸಂಭಾಷಣೆಗೆ ಹಚ್ಚಿ ನೋಡಿ. ಎರಡು ನಿಮಿಷದ ಒಂದು ತುಣುಕನ್ನು ಆರಿಸಿ, ಅದರ ಇಬ್ಬರ ಪಾತ್ರವನ್ನೂ ಕಂಠಪಾಠ ಮಾಡಿ, ಎದ್ದು ನಿಂತು, ಕೈ ಆಡಿಸುತ್ತಾ ಹೇಳಿ. ಹೀಗೆ ಒಂದು ತಿಂಗಳು ಮಾಡಿದವರಿಗೆ ವಾಕ್ಯ ಜೋಡಿಸುವ ಪರದಾಟ ಕಡಿಮೆಯಾಗುತ್ತದೆ, ಏಕೆಂದರೆ ಜೋಡಿಸಿದ ವಾಕ್ಯಗಳೇ ಬಾಯಲ್ಲಿರುತ್ತವೆ.

ಎದುರಿಗೊಂದು ಜೀವ ಬೇಕು ಎಂದೆ. ಅದು ಜರ್ಮನ್ನರೇ ಆಗಬೇಕಿಲ್ಲ. ಬಿ1 ಪರೀಕ್ಷೆಯ ಮಾತಿನ ಭಾಗವನ್ನು ಇಬ್ಬರು ಅಭ್ಯರ್ಥಿಗಳು ಒಟ್ಟಿಗೆ ಎದುರಿಸುತ್ತಾರೆ. ಇಬ್ಬರೂ ಸೇರಿ ಒಂದು ಕಾರ್ಯಕ್ರಮದ ಯೋಜನೆ ಮಾಡಬೇಕು, ಒಂದು ವಿಷಯ ಮಂಡಿಸಬೇಕು, ಇನ್ನೊಬ್ಬರ ಮಂಡನೆಗೆ ಪ್ರಶ್ನೆ ಕೇಳಬೇಕು. ಹಾಗಾಗಿ ಕುಣಿಗಲ್ಲಿನ ಇಬ್ಬರು ಗೆಳತಿಯರು ಸಂಜೆ ಕೂತು ‘ಯಡಿಯೂರು ಜಾತ್ರೆಗೆ ಹೇಗೆ ಹೋಗೋಣ, ಏನು ತಗೊಂಡು ಹೋಗೋಣ’ ಎಂದು ಒಡಕು ಜರ್ಮನ್‌ನಲ್ಲಿ ಚರ್ಚೆ ಮಾಡಿದರೆ ಅದೇ ಪರೀಕ್ಷೆಯ ಅಭ್ಯಾಸ. ಆದರೆ ಇಬ್ಬರ ತಪ್ಪೂ ಒಂದೇ ಆಗಿದ್ದರೆ ತಿದ್ದುವವರಿಲ್ಲ. ವಾರಕ್ಕೆ ಒಮ್ಮೆಯಾದರೂ ಬಲ್ಲ ಶಿಕ್ಷಕರ ಕಿವಿಗೆ ನಿಮ್ಮ ಮಾತು ಬೀಳಬೇಕು. ಬೆಂಗಳೂರಿನ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಗಳು ಆನ್‌ಲೈನಿನಲ್ಲೂ ಸಿಗುತ್ತವೆ. ಅಲ್ಲಿನ ಶುಲ್ಕ ಎಲ್ಲರ ಕೈಗೆ ಎಟುಕುವಂಥದ್ದಲ್ಲ ಎಂಬುದೂ ನಿಜ. ನಾಲ್ಕೈದು ಜನ ಸೇರಿ ಒಬ್ಬ ಶಿಕ್ಷಕರನ್ನು ವಾರಕ್ಕೊಂದು ಗಂಟೆ ಹಿಡಿದುಕೊಳ್ಳುವುದು ನಮ್ಮ ಊರುಗಳಿಗೆ ಹೆಚ್ಚು ಸರಿಹೊಂದುವ ದಾರಿ.

ಸಾರ್ವಜನಿಕ ಸಂಸ್ಥೆಗಳು ಈ ಕೆಲಸಕ್ಕೆ ಕೈ ಹಚ್ಚಬೇಕೆಂದು ನಾನು ಮನಸಾರೆ ಕೇಳುತ್ತೇನೆ. ಕೇರಳ ಸರ್ಕಾರದ ಅನಿವಾಸಿ ಕೇರಳಿಗರ ಸಂಸ್ಥೆ ನೋರ್ಕಾ ರೂಟ್ಸ್ 2021ರಲ್ಲಿ ಜರ್ಮನ್ ಸಂಸ್ಥೆಗಳ ಜೊತೆ ‘ಟ್ರಿಪಲ್ ವಿನ್’ ಒಪ್ಪಂದ ಮಾಡಿಕೊಂಡಿತು. ಆಯ್ಕೆಯಾದ ನರ್ಸ್‌ಗಳು ತಮ್ಮ ರಾಜ್ಯದಲ್ಲೇ ಬಿ1ವರೆಗೆ ಉಚಿತವಾಗಿ ಕಲಿತು ಆಮೇಲೆ ಹೊರಡುತ್ತಾರೆ. ತುಮಕೂರು ವಿಶ್ವವಿದ್ಯಾಲಯವಿದೆ, ಸಿದ್ಧಗಂಗೆಯ ವಿದ್ಯಾಸಂಸ್ಥೆಗಳಿವೆ, ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರುಗಳಲ್ಲಿ ಗ್ರಂಥಾಲಯಗಳಿವೆ. ವಾರಕ್ಕೆರಡು ಸಂಜೆ ಒಂದು ಕೋಣೆ, ಒಂದು ಸ್ಪೀಕರ್, ಕೆಲವು ಪಠ್ಯಪುಸ್ತಕ ಇಷ್ಟರಿಂದ ಶುರುಮಾಡಬಹುದು. ಇದಕ್ಕಿಂತ ಅಗತ್ಯವಾದದ್ದು ಕನ್ನಡದಲ್ಲೇ ಬರೆದ ನೂರು ಪುಟದ ಜರ್ಮನ್ ವ್ಯಾಕರಣ. ಇಂದು ನಮ್ಮ ಮಕ್ಕಳ ಕೈಗೆ ಬರುವ ಪುಸ್ತಕಗಳು ಪೂರ್ತಿ ಜರ್ಮನ್‌ನಲ್ಲಿರುತ್ತವೆ ಅಥವಾ ವಿವರಣೆ ಇಂಗ್ಲಿಷಿನಲ್ಲಿರುತ್ತದೆ. ವಿಭಕ್ತಿ ಗೊತ್ತಿರುವ ಮಗುವಿಗೆ ವಿಭಕ್ತಿ ಇಲ್ಲದ ಭಾಷೆಯ ಮೂಲಕ ವಿಭಕ್ತಿ ಕಲಿಸುತ್ತಿದ್ದೇವೆ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರದಂಥ ಸಂಸ್ಥೆ ಒಬ್ಬ ಜರ್ಮನ್ ಶಿಕ್ಷಕರನ್ನೂ ಒಬ್ಬ ಕನ್ನಡ ಮೇಷ್ಟ್ರನ್ನೂ ಒಂದೆಡೆ ಕೂರಿಸಿದರೆ ಇದು ವರ್ಷದ ಒಳಗೆ ಆಗುವ ಕೆಲಸ.

ಪರೀಕ್ಷೆಯ ಬಗ್ಗೆ ಒಂದೆರಡು ಮಾತು ಉಳಿದಿವೆ. ಗೋಯೆಥೆ ಬಿ1ರಲ್ಲಿ ಓದು 65 ನಿಮಿಷ, ಆಲಿಸುವಿಕೆ ಸುಮಾರು 40, ಬರವಣಿಗೆ 60, ಮಾತು ಸುಮಾರು 15. ಬರವಣಿಗೆಯಲ್ಲಿ ಗೆಳೆಯರಿಗೊಂದು ಇಮೇಲ್, ಒಂದು ಅಭಿಪ್ರಾಯ, ಅಧಿಕಾರಿಗೋ ಶಿಕ್ಷಕರಿಗೋ ಬರೆಯುವ ಚಿಕ್ಕ ಔಪಚಾರಿಕ ಇಮೇಲ್ ಇರುತ್ತವೆ. ಮೊದಲೆರಡು 80 ಪದಗಳಷ್ಟು, ಕೊನೆಯದು 40ರಷ್ಟು. ಪ್ರತಿ ಭಾಗದಲ್ಲೂ ನೂರಕ್ಕೆ 60 ಬರಬೇಕು. ನಾಲ್ಕನ್ನೂ ಒಂದೇ ದಿನ ಬರೆಯಲೇಬೇಕೆಂಬ ಕಟ್ಟಳೆಯಿಲ್ಲ. ಮೂರರಲ್ಲಿ ಗೆದ್ದು ಮಾತಿನ ಭಾಗದಲ್ಲಿ ಸೋತವರು ಆ ಭಾಗಕ್ಕೆ ಮಾತ್ರ ಮತ್ತೆ ಶುಲ್ಕ ಕಟ್ಟಿ ಕೂರಬಹುದು. ಎ2ಗೆ ಈ ಅನುಕೂಲ ಇಲ್ಲ. ಬೆಂಗಳೂರಿನಲ್ಲಿ ಪರೀಕ್ಷೆಯ ಜಾಗಗಳು ಬೇಗ ತುಂಬುತ್ತವೆ, ಆದ್ದರಿಂದ ಓದು ಮುಗಿದ ಮೇಲೆ ದಿನಾಂಕ ಹುಡುಕುವ ಬದಲು ಎರಡು ಮೂರು ತಿಂಗಳು ಮೊದಲೇ ಹೆಸರು ನೋಂದಾಯಿಸಿ. ತುಮಕೂರು, ಗುಬ್ಬಿ ಕಡೆಯವರಿಗೂ ಹಾಸನ ಮಾರ್ಗದ ರೈಲು ಹಿಡಿಯುವ ಕುಣಿಗಲ್ಲಿನವರಿಗೂ ಯಶವಂತಪುರದಲ್ಲಿ ಇಳಿದು ಹಸಿರು ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಇಂದಿರಾನಗರಕ್ಕೆ ಹೋಗುವುದು ಅನುಕೂಲ. ಬೆಳಗಿನ ಪರೀಕ್ಷೆಯಿದ್ದರೆ ಹಿಂದಿನ ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯಿರಿ. ಮೊದಲ ಭಾಗಕ್ಕೇ ಏದುಸಿರು ಬಿಡುತ್ತಾ ಓಡಿಬಂದರೆ ಓದಿನ ಮೊದಲ ಪ್ರಶ್ನೆಗಳು ತಲೆಗೆ ಹತ್ತದೆ ಹೋಗುತ್ತವೆ.